ಎಂಟು ಗಂಟೆಯ ದುಡಿಮೆ

ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಬಾಗಿಲು ತೆರೆಯುತ್ತದೆ, ಸಂಜೆ ಮುಚ್ಚುತ್ತದೆ. ಕಾರ್ಖಾನೆಯ ಕೊಂಬು ಕೂಗಿದೊಡನೆ ಒಂದು ಪಾಳಿಯವರು ಹೊರಕ್ಕೆ ಬರುತ್ತಾರೆ, ಇನ್ನೊಂದು ಪಾಳಿಯವರು ಒಳಕ್ಕೆ ಹೋಗುತ್ತಾರೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂಟು ಗಂಟೆ ದುಡಿಮೆ ಎಂಬುದು ಸೂರ್ಯೋದಯ ಸೂರ್ಯಾಸ್ತಗಳಷ್ಟೇ ಸಹಜವಾದುದೆಂದು ನಾವು ಭಾವಿಸಿಬಿಟ್ಟಿದ್ದೇವೆ. ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿಯೂ ಈ ವಿಷಯ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಈ ಎಂಟು ಗಂಟೆಯ ನಿಯಮವನ್ನು ಪ್ರಕೃತಿ ಮಾಡಲಿಲ್ಲ. ಯಾವ ದೊರೆಯೂ ಮನಮರುಗಿ ದಾನವಾಗಿ ಕೊಡಲಿಲ್ಲ. ಅದರ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ಹೋರಾಟವಿದೆ. ಸೆರೆಮನೆ, ಗಡೀಪಾರು, ಗಲ್ಲುಗಳ ಕಥೆಯಿದೆ.

ಈ ನಿಯಮ ಹೇಗೆ ಹುಟ್ಟಿತು, ಯಾವ ಯಾವ ದೇಶಗಳನ್ನು ಹಾದು ನಮ್ಮಲ್ಲಿಗೆ ಬಂದಿತು, ಯಾರ ಮನೆಯ ಬಾಗಿಲನ್ನು ಇನ್ನೂ ಮುಟ್ಟಿಲ್ಲ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಈ ಚರಿತ್ರೆಯನ್ನು ಓದಿದವರಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಾರ್ಮಿಕನ ಹಕ್ಕು ನಿಲ್ಲಬೇಕಾದರೆ ಮೂರು ಆಧಾರಗಳು ಬೇಕು: ಕೇಳುವ ಸಂಘ, ಕೊಡುವ ಕಾನೂನು, ಕೊಟ್ಟುದು ಸಲ್ಲುತ್ತಿದೆಯೇ ಎಂದು ನೋಡುವ ಕಣ್ಣು. ಒಲೆಯ ಮೂರು ಗುಂಡುಗಳಲ್ಲಿ ಒಂದು ಜಾರಿದರೂ ಮಡಕೆ ಉರುಳುವಂತೆ, ಈ ಮೂರರಲ್ಲಿ ಯಾವುದೊಂದು ತಪ್ಪಿದರೂ ಹಕ್ಕು ನೆಲಕ್ಕೆ ಬೀಳುತ್ತದೆ.

ಯಂತ್ರ ಬಂದ ಕಾಲ

ಬೇಸಾಯದ ದುಡಿಮೆ ಹಗುರವಾದುದೆಂದು ಯಾರೂ ಹೇಳಲಾರರು. ಆದರೂ ಅದಕ್ಕೆ ಹೊತ್ತು ಮುಳುಗುವ ಮಿತಿಯಿತ್ತು, ಮಳೆಗಾಲ ಬೇಸಗೆಗಳ ಏರುತಗ್ಗಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನೂಲಿನ ಗಿರಣಿಗಳು ಎದ್ದಾಗ ಈ ಮಿತಿ ಅಳಿಸಿಹೋಯಿತು. ಯಂತ್ರಕ್ಕೆ ದಣಿವಿಲ್ಲ. ಅದನ್ನು ನಿಲ್ಲಿಸಿದಷ್ಟು ಹೊತ್ತು ಮಾಲೀಕನು ಹಾಕಿದ ಬಂಡವಾಳಕ್ಕೆ ನಷ್ಟ. ಅನಿಲ ದೀಪ ಬಂದ ಮೇಲಂತೂ ರಾತ್ರಿಯೂ ಹಗಲಾಯಿತು. ಹನ್ನೆರಡು, ಹದಿಮೂರು, ಹದಿನಾಲ್ಕು ಗಂಟೆಗಳ ದುಡಿಮೆ ಸಾಮಾನ್ಯವಾಯಿತು. ಅದೂ ಗಂಡಸರಿಗೆ ಮಾತ್ರವಲ್ಲ, ಹೆಂಗಸರಿಗೂ ಎಳೆಯ ಮಕ್ಕಳಿಗೂ.

ಇದನ್ನು ಮೊದಲು ಪ್ರಶ್ನಿಸಿದವರಲ್ಲಿ ಒಬ್ಬನು ತಾನೇ ಗಿರಣಿಯ ಮಾಲೀಕನಾಗಿದ್ದನೆಂಬುದು ಗಮನಿಸಬೇಕಾದ ಸಂಗತಿ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬಲ್ಲಿ ಹತ್ತಿಯ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್, ದುಡಿಮೆಯ ಅವಧಿಯನ್ನು ಕಡಿಮೆ ಮಾಡಿ ಮಕ್ಕಳಿಗೆ ಶಾಲೆ ತೆರೆದನು. ಹಾಗಿದ್ದರೂ ಆ ಗಿರಣಿ ಲಾಭದಲ್ಲಿಯೇ ನಡೆಯಿತು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಮನಸ್ಸಿಗೆ ಬೇಕಾದ ಚಟುವಟಿಕೆ, ಎಂಟು ಗಂಟೆ ವಿಶ್ರಾಂತಿ ಎಂದು ದಿನವನ್ನು ಮೂರು ಸಮಪಾಲು ಮಾಡಬೇಕೆಂಬ ಘೋಷಣೆಯನ್ನು 1817ರಲ್ಲಿ ಹೊರಡಿಸಿದವನು ಇವನೇ. ಆದರೆ ಒಬ್ಬ ಒಳ್ಳೆಯ ಮಾಲೀಕನಿಂದ ಒಂದು ಗಿರಣಿ ಬದಲಾದೀತೇ ಹೊರತು ಒಂದು ದೇಶ ಬದಲಾಗದು. ಪಕ್ಕದ ಗಿರಣಿಯವನು ಹದಿನಾಲ್ಕು ಗಂಟೆ ದುಡಿಸಿ ಅಗ್ಗದ ನೂಲನ್ನು ಮಾರುತ್ತಿರುವಾಗ ಒಳ್ಳೆಯವನೂ ಬಹುಕಾಲ ಒಳ್ಳೆಯವನಾಗಿರುವುದು ಕಷ್ಟ. ಈ ಪೈಪೋಟಿಯ ತೊಡಕು ಮುಂದೆ ದೇಶದೇಶಗಳ ನಡುವೆಯೂ ತಲೆಯೆತ್ತಿತು.

ಕಾನೂನು ಮತ್ತು ಕಣ್ಣು

ಬ್ರಿಟಿಷ್ ಪಾರ್ಲಿಮೆಂಟು 1802ರಲ್ಲಿಯೇ ಗಿರಣಿಯ ಮಕ್ಕಳಿಗಾಗಿ ಒಂದು ಕಾನೂನನ್ನು ಮಾಡಿತ್ತು. ಗಿರಣಿಗೆ ಒಪ್ಪಿಸಿದ ಅನಾಥ ಮಕ್ಕಳನ್ನು ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಅದು ವಿಧಿಸಿತು. ಕಾನೂನು ಇತ್ತು, ಅದನ್ನು ಜಾರಿಗೆ ತರುವ ಪ್ರತ್ಯೇಕ ಅಧಿಕಾರಿಗಳಿರಲಿಲ್ಲ. ಪರಿಣಾಮವಾಗಿ ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿಯಿತು.

1833ರ ಕಾನೂನು ಈ ಕೊರತೆಯನ್ನು ಮೊದಲ ಬಾರಿಗೆ ತುಂಬಿತು. ಬಟ್ಟೆ ಗಿರಣಿಗಳಲ್ಲಿ ಒಂಬತ್ತು ವರ್ಷಕ್ಕಿಂತ ಕಿರಿಯರನ್ನು ದುಡಿಸಕೂಡದು. ಒಂಬತ್ತರಿಂದ ಹದಿಮೂರು ವರ್ಷದವರನ್ನು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಕೂಡದು. ಅವರಿಗೆ ದಿನಕ್ಕೆ ಎರಡು ಗಂಟೆ ಪಾಠ ಹೇಳಿಸಬೇಕು. ಇದೆಲ್ಲಕ್ಕಿಂತ ಮುಖ್ಯವಾದುದು, ಗಿರಣಿಯ ಒಳಹೊಕ್ಕು ನೋಡಲು ಸರ್ಕಾರವೇ ನಾಲ್ವರು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ದೇಶಕ್ಕೆಲ್ಲ ನಾಲ್ವರೆಂದರೆ ಎಷ್ಟು ಅಲ್ಪವೆಂಬುದು ತಿಳಿದೇ ಇದೆ. ಜನನದ ನೋಂದಣಿ ಸಹ ಇಲ್ಲದ ಆ ಕಾಲದಲ್ಲಿ ಎಂಟು ವರ್ಷದ ಮಗುವನ್ನು ಒಂಬತ್ತು ವರ್ಷದ್ದೆಂದು ಹೇಳಿ ಒಳಗೆ ಸೇರಿಸುವುದು ಕಷ್ಟವಾಗಿರಲಿಲ್ಲ. ಆದರೂ ಇಂದು ಜಗತ್ತಿನಲ್ಲಿರುವ ಕಾರ್ಖಾನೆ ತನಿಖಾ ವ್ಯವಸ್ಥೆಯ ಬೇರು ಆ ನಾಲ್ವರಲ್ಲಿದೆ.

1847ರಲ್ಲಿ ಹೆಂಗಸರಿಗೂ ಹದಿನೆಂಟು ವರ್ಷದೊಳಗಿನವರಿಗೂ ಹತ್ತು ಗಂಟೆಯ ಮಿತಿ ದೊರೆಯಿತು. ಮಾಲೀಕರು ಕೂಡಲೇ ಒಂದು ಉಪಾಯ ಹೂಡಿದರು. ಗಿರಣಿಯನ್ನು ದಿನವಿಡೀ ತೆರೆದಿಟ್ಟು, ಕೂಲಿಗಳನ್ನು ಸರದಿಯಂತೆ ಆಗಾಗ ಹೊರಕ್ಕೆ ಬಿಟ್ಟು ಒಳಕ್ಕೆ ಕರೆಯತೊಡಗಿದರು. ಹೀಗೆ ಮಾಡಿದರೆ ಯಾರು ಎಷ್ಟು ಗಂಟೆ ದುಡಿದರೆಂದು ಯಾವ ಇನ್‌ಸ್ಪೆಕ್ಟರನಿಗೂ ಲೆಕ್ಕ ಸಿಕ್ಕುವಂತಿರಲಿಲ್ಲ. ದುಡಿಮೆ ಎಲ್ಲರಿಗೂ ಗೊತ್ತಿರುವ ಒಂದು ಹೊತ್ತಿನಲ್ಲಿ ಆರಂಭವಾಗಿ ಒಂದು ಹೊತ್ತಿನಲ್ಲಿ ಮುಗಿಯಬೇಕೆಂದು 1850ರಲ್ಲಿ ಇನ್ನೊಂದು ಕಾನೂನು ಮಾಡಬೇಕಾಯಿತು. ಆ ತಿದ್ದುಪಡಿಗಾಗಿ ಕೂಲಿಗಾರರು ಅರ್ಧ ಗಂಟೆಯನ್ನು ಬಿಟ್ಟುಕೊಡಬೇಕಾಯಿತು. ಹತ್ತು ಗಂಟೆ ಹತ್ತೂವರೆಯಾಯಿತು.

ಸಂಘ ಕಟ್ಟುವುದೇ ಅಪರಾಧ

ಕಾನೂನನ್ನು ಕೇಳಬೇಕಾದವರು ಯಾರು? ಒಬ್ಬ ಕೂಲಿಗಾರನು ಮಾಲೀಕನೆದುರು ನಿಂತು ಗಂಟೆ ಕಡಿಮೆ ಮಾಡಿ ಎಂದರೆ ಮಾರನೆಯ ದಿನ ಅವನ ಜಾಗದಲ್ಲಿ ಇನ್ನೊಬ್ಬನಿರುತ್ತಾನೆ. ಸಾವಿರ ಜನ ಒಟ್ಟಾಗಿ ಕೇಳಿದರೆ ಮಾತೇ ಬೇರೆ. ಆದುದರಿಂದಲೇ ಇಂಗ್ಲೆಂಡಿನಲ್ಲಿ 1799 ಮತ್ತು 1800ರ ಕಾನೂನುಗಳು ಕೂಲಿಗಾಗಿ, ಗಂಟೆಗಾಗಿ ಕಾರ್ಮಿಕರು ಒಟ್ಟುಗೂಡುವುದನ್ನೇ ಅಪರಾಧವೆಂದು ಸಾರಿದವು. 1824ರಲ್ಲಿ ಅವು ರದ್ದಾದವು. ಆದರೆ ಭಯ ರದ್ದಾಗಲಿಲ್ಲ.

ಡಾರ್ಸೆಟ್ ಪ್ರಾಂತದ ಟಾಲ್‌ಪಡಲ್ ಎಂಬ ಹಳ್ಳಿಯ ಆರು ಮಂದಿ ಕೃಷಿ ಕಾರ್ಮಿಕರ ಕಥೆ ಇದಕ್ಕೆ ನಿದರ್ಶನ. ವಾರದ ಕೂಲಿ ಆರು ಷಿಲಿಂಗಿಗೆ ಇಳಿಯಲಿರುವಾಗ ಅವರು ಜಾರ್ಜ್ ಲವ್‌ಲೆಸ್ ಎಂಬವನ ಮುಂದಾಳುತನದಲ್ಲಿ ಸಂಘ ಕಟ್ಟಿದರು. ಸಂಘ ಕಟ್ಟುವುದು ಆಗ ಅಪರಾಧವಲ್ಲವಾದುದರಿಂದ, ಗುಟ್ಟಾಗಿ ಪ್ರಮಾಣವಚನ ತೆಗೆದುಕೊಂಡರೆಂಬ ಆರೋಪವನ್ನು ಹೊರಿಸಲಾಯಿತು. 1797ರಲ್ಲಿ ನೌಕಾದಳದ ದಂಗೆಯನ್ನು ಅಡಗಿಸಲು ಮಾಡಿದ ಕಾನೂನನ್ನು ಬಡ ಕೂಲಿಗಳ ಮೇಲೆ ತಿರುಗಿಸಿ, 1834ರಲ್ಲಿ ಅವರನ್ನು ಏಳು ವರ್ಷ ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಿದರು. ದೇಶದಲ್ಲೆಲ್ಲ ಕೂಗು ಎದ್ದಿತು. ಲಂಡನ್ನಿನಲ್ಲಿ ಭಾರಿ ಮೆರವಣಿಗೆ ನಡೆಯಿತು. 1836ರಲ್ಲಿ ಸರ್ಕಾರ ಅವರಿಗೆ ಕ್ಷಮಾದಾನ ನೀಡಬೇಕಾಯಿತು. ಇಂಗ್ಲೆಂಡಿನಲ್ಲಿ ಕಾರ್ಮಿಕ ಸಂಘಗಳಿಗೆ ಪೂರ್ಣ ಮಾನ್ಯತೆ ದೊರೆತುದು 1871ರಲ್ಲಿ.

ಮೆಲ್ಬರ್ನಿನ ಕಲ್ಲುಕುಟಿಗರು, ಚಿಕಾಗೊದ ಹುತಾತ್ಮರು

ಕೈದಿಗಳನ್ನು ಗಡೀಪಾರು ಮಾಡುತ್ತಿದ್ದ ಆಸ್ಟ್ರೇಲಿಯದಲ್ಲಿಯೇ ಎಂಟು ಗಂಟೆಯ ದಿನ ಮೊದಮೊದಲು ಗೆದ್ದಿತೆಂಬುದು ಚರಿತ್ರೆಯ ಒಂದು ವಿಚಿತ್ರ. 1856ನೆಯ ಇಸವಿ ಏಪ್ರಿಲ್ 21ರಂದು ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಕಟ್ಟಡ ಕಟ್ಟುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು, ದಾರಿಯಲ್ಲಿ ಇತರ ಕಟ್ಟಡಗಳ ಕೆಲಸಗಾರರನ್ನೂ ಸೇರಿಸಿಕೊಂಡು ಪಾರ್ಲಿಮೆಂಟ್ ಭವನದವರೆಗೆ ನಡೆದರು. ಕೂಲಿ ಒಂದು ಕಾಸೂ ಕಡಿಮೆಯಾಗದೆ ಎಂಟು ಗಂಟೆಯ ದಿನ ಅವರಿಗೆ ದೊರೆಯಿತು. ವಿದ್ಯಾರ್ಥಿಗಳಾದ ನಮಗೆ ಇದರಲ್ಲಿ ಒಂದು ವಿಶೇಷವಿದೆ: ಆ ಹೋರಾಟ ಆರಂಭವಾದುದು ವಿಶ್ವವಿದ್ಯಾನಿಲಯವೊಂದರ ಗೋಡೆಯ ಮೇಲೆ. ಮೂರು ಎಂಟುಗಳನ್ನು ಒಂದರ ಪಕ್ಕದಲ್ಲೊಂದು ಬರೆದ ಸ್ಮಾರಕ ಆ ನಗರದಲ್ಲಿ ಇಂದಿಗೂ ನಿಂತಿದೆ.

ಇಷ್ಟು ಸುಲಭವಾಗಿ ಅವರು ಗೆಲ್ಲಲು ಕಾರಣವಿತ್ತು. 1851ರಲ್ಲಿ ಅಲ್ಲಿ ಚಿನ್ನ ಸಿಕ್ಕಿದುದರಿಂದ ಜನರು ಗಣಿಗಳತ್ತ ಓಡಿದ್ದರು. ಕಟ್ಟಡಗಳ ಬೇಡಿಕೆ ಏರಿತ್ತು, ಕುಶಲ ಕೆಲಸಗಾರರು ವಿರಳವಾಗಿದ್ದರು. ಕಲ್ಲು ಕೆತ್ತುವ ವಿದ್ಯೆ ಬಲ್ಲವನ ಜಾಗಕ್ಕೆ ದಾರಿಹೋಕನನ್ನು ತಂದು ನಿಲ್ಲಿಸಲಾಗದು. ಇತರ ಅನೇಕ ಕಸುಬಿನವರು ಇದಕ್ಕಾಗಿ ಬಹುಕಾಲ ಕಾಯಬೇಕಾಯಿತು. ಬಲವಿದ್ದವರಿಗೆ ಮೊದಲು ಸಿಕ್ಕಿತು. ಬಲವಿಲ್ಲದವರಿಗೆ ಕಾನೂನೇ ಬೇಕಾಯಿತು.

ಅಮೆರಿಕದಲ್ಲಿ ಇದೇ ಬೇಡಿಕೆ ರಕ್ತದಲ್ಲಿ ತೊಯ್ದಿತು. ಅಲ್ಲಿಯ ಸಂಘಗಳ ಒಕ್ಕೂಟವೊಂದು 1886ರ ಮೇ 1ರಿಂದ ಎಂಟು ಗಂಟೆಯೇ ದಿನದ ದುಡಿಮೆಯೆಂದು 1884ರಲ್ಲಿ ನಿರ್ಣಯ ಮಾಡಿತು. ಆ ದಿನ ಬಂದಾಗ ಲಕ್ಷಾಂತರ ಕಾರ್ಮಿಕರು ಕೆಲಸ ನಿಲ್ಲಿಸಿದರು. ಮೇ 3ರಂದು ಚಿಕಾಗೊ ನಗರದ ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೊಲೀಸರು ಗುಂಡು ಹಾರಿಸಿದರು. ಅದನ್ನು ಖಂಡಿಸಲು ಮಾರನೆಯ ಸಂಜೆ ಹೇಮಾರ್ಕೆಟ್ ಚೌಕದಲ್ಲಿ ಕೂಡಿದ ಸಭೆ ಮುಗಿಯುವ ಹೊತ್ತಿಗೆ ಯಾರೋ ಪೊಲೀಸರ ಮೇಲೆ ಬಾಂಬು ಎಸೆದರು. ಪೊಲೀಸರೂ ಸಾರ್ವಜನಿಕರೂ ಸತ್ತರು. ಬಾಂಬು ಎಸೆದವರಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆದರೂ ಎಂಟು ಮಂದಿ ಕಾರ್ಮಿಕ ಮುಂದಾಳುಗಳಿಗೆ ಶಿಕ್ಷೆಯಾಯಿತು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು, ಒಬ್ಬನು ಅದಕ್ಕೆ ಮೊದಲೇ ಸೆರೆಮನೆಯಲ್ಲಿ ಪ್ರಾಣ ನೀಗಿದ್ದನು. ಉಳಿದ ಮೂವರನ್ನು ಇಲಿನಾಯ್ ಸಂಸ್ಥಾನದ ಗವರ್ನರ್ ಆಲ್ಟ್‌ಗೆಲ್ಡ್ 1893ರಲ್ಲಿ, ವಿಚಾರಣೆ ನ್ಯಾಯವಾಗಿ ನಡೆದಿಲ್ಲವೆಂದು ಕಾರಣ ಕೊಟ್ಟು ಬಿಡುಗಡೆ ಮಾಡಿದರು. 1889ರಲ್ಲಿ ಪ್ಯಾರಿಸ್ಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ಸಮ್ಮೇಳನದ ನಿರ್ಣಯದಂತೆ 1890ರ ಮೇ 1ರಂದು ಹಲವು ದೇಶಗಳಲ್ಲಿ ಒಟ್ಟಿಗೆ ಎಂಟು ಗಂಟೆಯ ಬೇಡಿಕೆ ಮೊಳಗಿತು. ನಾವು ರಜಾದಿನವೆಂದು ಆಚರಿಸುವ ಮೇ ದಿನದ ಮೂಲ ಇದು.

1919: ಜಗತ್ತಿಗೆಲ್ಲ ಒಂದು ನಿಯಮ

ಮೊದಲನೆಯ ಮಹಾಯುದ್ಧ ಮುಗಿಯುವ ವೇಳೆಗೆ ಯುರೋಪಿನ ಸ್ಥಿತಿ ಬದಲಾಗಿತ್ತು. 1917ರಲ್ಲಿ ರಷ್ಯದ ಕ್ರಾಂತಿಯಾಯಿತು. 1918ರಲ್ಲಿ ಜರ್ಮನಿಯಲ್ಲಿ, 1919ರಲ್ಲಿ ಫ್ರಾನ್ಸಿನಲ್ಲಿ ಎಂಟು ಗಂಟೆ ಕಾನೂನಾಯಿತು. ಸ್ಪೇನಿನ ಬಾರ್ಸಿಲೋನದಲ್ಲಿ ವಿದ್ಯುತ್ ಕಂಪನಿಯ ನೌಕರರಿಂದ ಆರಂಭವಾದ ಮುಷ್ಕರ ನಗರವನ್ನೇ ಕತ್ತಲಲ್ಲಿ ಮುಳುಗಿಸಿದ ಮೇಲೆ ಅಲ್ಲಿಯ ಸರ್ಕಾರವೂ ಅದೇ ವರ್ಷ ಮಣಿಯಿತು. ಕಾರ್ಮಿಕರಿಗೆ ನ್ಯಾಯ ದೊರೆಯದೆ ಶಾಂತಿ ಉಳಿಯದೆಂಬ ಅರಿವು ಆಳುವವರಿಗೂ ಬಂದಿತು.

ಆ ಅರಿವಿನ ಫಲವೇ ವರ್ಸೇಲ್ಸ್ ಒಪ್ಪಂದದ ಹದಿಮೂರನೆಯ ಭಾಗದ ಮೂಲಕ ಹುಟ್ಟಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಇದರ ರಚನೆ ಬೇರಾವ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿಯೂ ಕಾಣದಂಥದು. ಇದರ ಮಹಾಸಮ್ಮೇಳನಕ್ಕೆ ಪ್ರತಿಯೊಂದು ದೇಶವೂ ನಾಲ್ವರು ಪ್ರತಿನಿಧಿಗಳನ್ನು ಕಳುಹಿಸುತ್ತದೆ: ಇಬ್ಬರು ಸರ್ಕಾರದವರು, ಒಬ್ಬರು ಮಾಲೀಕರ ಕಡೆಯವರು, ಒಬ್ಬರು ಕಾರ್ಮಿಕರ ಕಡೆಯವರು. ನಾಲ್ವರೂ ತಮಗೆ ಸರಿಕಂಡಂತೆ ಬೇರೆಬೇರೆಯಾಗಿ ಮತ ಕೊಡಬಹುದು. ಕಾರ್ಮಿಕ ಪ್ರತಿನಿಧಿ ತನ್ನ ದೇಶದ ಸರ್ಕಾರಕ್ಕೆ ವಿರೋಧವಾಗಿಯೂ ಕೈಯೆತ್ತಬಹುದು.

ಇಂಥ ಸಂಸ್ಥೆ ಏಕೆ ಬೇಕಾಯಿತು? ಓವೆನ್ನನ ಪಕ್ಕದ ಗಿರಣಿಯವನ ಮಾತನ್ನು ಇಲ್ಲಿ ನೆನೆಯಬೇಕು. ಒಂದು ದೇಶ ಗಂಟೆ ಇಳಿಸಿದರೆ, ಇಳಿಸದ ದೇಶ ಅಗ್ಗವಾಗಿ ಮಾರಿ ಅದರ ಪೇಟೆಯನ್ನು ಕಸಿಯುತ್ತದೆ. ಆದುದರಿಂದ ಎಲ್ಲರೂ ಒಟ್ಟಿಗೆ ಇಳಿಸಬೇಕು. 1919ರ ಅಕ್ಟೋಬರ್-ನವೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಕೂಡಿದ ಮೊದಲ ಸಮ್ಮೇಳನ ಆರು ಒಡಂಬಡಿಕೆಗಳನ್ನು ಅಂಗೀಕರಿಸಿತು. ಮೊಟ್ಟಮೊದಲನೆಯದೇ ಕೈಗಾರಿಕೆಗಳಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗಳೆಂಬ ಒಡಂಬಡಿಕೆ.

ಇದನ್ನು ಹೊಗಳುವುದರ ಜೊತೆಗೆ ಇದರ ಮಿತಿಗಳನ್ನೂ ಹೇಳಬೇಕು. ಒಡಂಬಡಿಕೆ ಕಾನೂನಲ್ಲ, ಒಂದು ದೇಶ ಅದನ್ನು ಸ್ಥಿರೀಕರಿಸಿದರೆ ಮಾತ್ರ ಆ ದೇಶ ಅದಕ್ಕೆ ಬದ್ಧ. ಈ ಮೊದಲ ಒಡಂಬಡಿಕೆಯನ್ನು ಬ್ರಿಟನ್ನೂ ಅಮೆರಿಕವೂ ಸ್ಥಿರೀಕರಿಸಿಲ್ಲ. ಅಲ್ಲದೆ ಎಂಟು ಗಂಟೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಲಿಲ್ಲ. ಬ್ರಿಟಿಷ್ ಭಾರತದ ಕಾರ್ಖಾನೆ, ಗಣಿ ಮೊದಲಾದವುಗಳಿಗೆ ವಾರಕ್ಕೆ 60 ಗಂಟೆಯೆಂದು ಒಡಂಬಡಿಕೆಯಲ್ಲಿಯೇ ಪ್ರತ್ಯೇಕ ವಿಧಿಯನ್ನು ಬರೆದರು. ಮ್ಯಾಂಚೆಸ್ಟರಿನ ದೇಹಕ್ಕೆ 48 ಗಂಟೆಯಲ್ಲಿ ದಣಿವಾದರೆ ಮುಂಬಯಿಯ ದೇಹಕ್ಕೆ 60 ಗಂಟೆಯಲ್ಲಿ ದಣಿವಾಗಬೇಕೆಂದು ಯಾವ ಶರೀರಶಾಸ್ತ್ರ ಹೇಳಿದೆಯೋ ತಿಳಿಯದು! ಆದರೂ ಆ 60 ಗಂಟೆ ಸಹ ಅಂದಿನ ಭಾರತಕ್ಕೆ ಒಂದು ಹೆಜ್ಜೆ ಮುಂದೆಯೇ ಆಗಿತ್ತು.

ಭಾರತದ ಗಿರಣಿಗಳಲ್ಲಿ

ನಮ್ಮ ದೇಶದ ಮೊದಲ ಕಾರ್ಖಾನೆ ಕಾನೂನು 1881ರಲ್ಲಿ ಬಂದಿತು. ಅದು ಬರಲು ಕರುಣೆಯೊಂದೇ ಕಾರಣವಲ್ಲ. ಮುಂಬಯಿಯ ಗಿರಣಿಗಳ ಅಗ್ಗದ ಬಟ್ಟೆ ತಮ್ಮ ವ್ಯಾಪಾರಕ್ಕೆ ಕುತ್ತೆಂದು ಲ್ಯಾಂಕಷೈರಿನ ಮಾಲೀಕರು ಒತ್ತಾಯ ತಂದಿದ್ದರು. ಏಳು ವರ್ಷ ತುಂಬದ ಮಕ್ಕಳನ್ನು ದುಡಿಸಬಾರದು, ಹನ್ನೆರಡರೊಳಗಿನವರನ್ನು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೇ ಅದರ ಮುಖ್ಯ ತಿರುಳು. ವಯಸ್ಕರ ಮಾತೇ ಅದರಲ್ಲಿರಲಿಲ್ಲ.

ಆ ಮಾತನ್ನು ಎತ್ತಿದವರು ನಾರಾಯಣ ಮೇಘಾಜಿ ಲೋಖಂಡೆ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಗೆ ಸೇರಿದ ಇವರು 'ದೀನಬಂಧು' ಪತ್ರಿಕೆಯ ಸಂಪಾದಕರಾಗಿದ್ದರು. 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿ, 5,500 ಮಂದಿಯ ಸಹಿಯುಳ್ಳ ಮನವಿಯೊಂದನ್ನು ಸಿದ್ಧಪಡಿಸಿದರು. ಅವರು ಕೇಳಿದುದೇನು? ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಬೆಳಿಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ತಿಂಗಳ ಸಂಬಳ ಮುಂದಿನ ತಿಂಗಳು ಹದಿನೈದನೆಯ ತಾರೀಖಿನೊಳಗೆ, ಗಾಯವಾದರೆ ಪರಿಹಾರ. ಬೇಡಿಕೆಯೇ ಇಷ್ಟು ವಿನಯದ್ದಾಗಿದ್ದರೆ ಅಂದಿನ ಸ್ಥಿತಿ ಹೇಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. 1890ರ ಏಪ್ರಿಲಿನಲ್ಲಿ ಅವರು ಕರೆದ ಸಭೆಗೆ ಸುಮಾರು ಹತ್ತು ಸಾವಿರ ಜನ ಬಂದರು. ಇಬ್ಬರು ಹೆಂಗಸರೂ ಎದ್ದುನಿಂತು ಮಾತನಾಡಿದರು. ಅದೇ ವರ್ಷ ಜೂನ್ 10ರಂದು ಮುಂಬಯಿಯ ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಇಂದು ನಾವು ಭಾನುವಾರದ ಬಿಡುವನ್ನು ಅನುಭವಿಸುವಾಗ ಈ ಮಹನೀಯರ ಹೆಸರನ್ನು ಎಷ್ಟು ಮಂದಿ ನೆನೆಯುತ್ತೇವೆ?

ಅನಂತರ ಗಿರಣಿಗಳಿಗೆ ವಿದ್ಯುದ್ದೀಪ ಬಂದಿತು; ದುಡಿಮೆ ಮತ್ತೆ ರಾತ್ರಿಯೊಳಕ್ಕೆ ಚಾಚಿತು. 1905ರಲ್ಲಿ ಮುಂಬಯಿಯ ಕಾರ್ಮಿಕರು ಇದನ್ನು ಪ್ರತಿಭಟಿಸಿದರು. 1911ರ ಕಾನೂನು ಬಟ್ಟೆ ಗಿರಣಿಗಳಲ್ಲಿ ವಯಸ್ಕ ಗಂಡಸಿಗೂ ಮೊದಲ ಬಾರಿಗೆ ಮಿತಿ ಹಾಕಿತು. ಆ ಮಿತಿ ಹನ್ನೆರಡು ಗಂಟೆ!

1918ರ ಏಪ್ರಿಲ್ 27ರಂದು ಮದ್ರಾಸಿನಲ್ಲಿ ಹುಟ್ಟಿದ ಮದ್ರಾಸ್ ಕಾರ್ಮಿಕ ಸಂಘವನ್ನು ಭಾರತದ ಮೊದಲ ವ್ಯವಸ್ಥಿತ ಕಾರ್ಮಿಕ ಸಂಘವೆಂದು ಪರಿಗಣಿಸುತ್ತಾರೆ. ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕೂಲಿಗಾರರ ಈ ಸಂಘಕ್ಕೆ ಬಿ. ಪಿ. ವಾಡಿಯಾ ಅಧ್ಯಕ್ಷರಾಗಿದ್ದರು. ಗಿರಣಿಯ ವಿವಾದ 1920ರಲ್ಲಿ ಬೀಗಮುದ್ರೆಯವರೆಗೆ ಬೆಳೆದಾಗ, ಆಡಳಿತದವರು ವಾಡಿಯಾ ಮತ್ತಿತರರ ಮೇಲೆ ಮದ್ರಾಸ್ ಹೈಕೋರ್ಟಿನಲ್ಲಿ ನಷ್ಟ ಪರಿಹಾರದ ದಾವೆ ಹೂಡಿ ತಡೆಯಾಜ್ಞೆ ತಂದರು. ಕಾರ್ಮಿಕರಿಗೆ ಬುದ್ಧಿ ಹೇಳುವುದೂ ದಾವೆಗೆ ಕಾರಣವಾಗಬಹುದೆಂದು ದೇಶಕ್ಕೆ ತಿಳಿದುದು ಆಗ. ಎನ್. ಎಂ. ಜೋಷಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ಕಾನೂನು ಬೇಕೆಂಬ ನಿರ್ಣಯವನ್ನು ತಂದರು. ಐದು ವರ್ಷಗಳ ಮೇಲೆ 1926ರ ಕಾರ್ಮಿಕ ಸಂಘಗಳ ಕಾನೂನು ಬಂದಿತು. ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ನೋಂದಾಯಿತ ಸಂಘದ ನ್ಯಾಯವಾದ ಕಾರ್ಯಕ್ಕೆ ಒಳಸಂಚಿನ ಮೊಕದ್ದಮೆಯಿಂದಲೂ ಸಿವಿಲ್ ದಾವೆಯಿಂದಲೂ ರಕ್ಷಣೆಯುಂಟು ಎಂಬುದು ಅದರ ಸಾರ.

ವಾಷಿಂಗ್ಟನ್ ಸಮ್ಮೇಳನಕ್ಕೆ ಕಾರ್ಮಿಕ ಪ್ರತಿನಿಧಿಯಾಗಿ ಹೋಗಿದ್ದವರೂ ಜೋಷಿಯವರೇ. ಅಲ್ಲಿಗೆ ಯಾರು ಹೋಗಬೇಕೆಂಬುದನ್ನು ಸರ್ಕಾರವಲ್ಲ, ಕಾರ್ಮಿಕರೇ ಹೇಳಬೇಕಾದರೆ ದೇಶಕ್ಕೆಲ್ಲ ಒಂದು ಸಂಘಟನೆ ಬೇಕಾಗಿತ್ತು. 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಹುಟ್ಟಲು ಇದೂ ಒಂದು ಕಾರಣ. ಜಿನೀವದ ಸಂಸ್ಥೆ ನಮ್ಮಲ್ಲಿ ಸಂಘವನ್ನು ಹುಟ್ಟಿಸಿತು. ನಮ್ಮ ಸಂಘ ಜಿನೀವದ ಮಾತಿಗೆ ಇಲ್ಲಿ ಬಲ ಕೊಟ್ಟಿತು.

ಭಾರತ ಒಂದನೆಯ ಒಡಂಬಡಿಕೆಯನ್ನು 1921ರಲ್ಲಿ ಸ್ಥಿರೀಕರಿಸಿತು. ಅಲ್ಲಿಂದಾಚೆಗೆ ನಮ್ಮ ಗಂಟೆಗಳು ಮೆಟ್ಟಿಲಿಳಿದ ಬಗೆಯನ್ನು ನೋಡಿ: 1922ರ ಕಾನೂನಿನಲ್ಲಿ ದಿನಕ್ಕೆ 11, ವಾರಕ್ಕೆ 60; 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 54; 1946ರಲ್ಲಿ ಅಂಥವುಗಳಿಗೇ ದಿನಕ್ಕೆ 9, ವಾರಕ್ಕೆ 48. ಈ ಕೊನೆಯ ಮೆಟ್ಟಿಲನ್ನು ಕಟ್ಟುವುದರಲ್ಲಿ 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರರ ಪಾತ್ರ ದೊಡ್ಡದು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾನೂನು ವಾರಕ್ಕೆ 48 ಗಂಟೆಯನ್ನೇ ಉಳಿಸಿ, ಮೇಲಿನ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕೆಂದು ವಿಧಿಸಿತು. 1911ರ ಹನ್ನೆರಡು ಗಂಟೆಯಿಂದ ಇಲ್ಲಿಗೆ ಬರಲು ಮೂವತ್ತೇಳು ವರ್ಷ ಹಿಡಿಯಿತು.

ಗಡಿಯಾರವಿಲ್ಲದ ದುಡಿಮೆ

ಇಷ್ಟು ಹೊತ್ತು ಹೇಳಿದುದೆಲ್ಲವೂ ಗೇಟು, ಗೋಡೆ, ಕೊಂಬು ಇರುವ ಜಾಗದ ಮಾತು. ಗೋಡೆಯೇ ಇಲ್ಲದ ಕಡೆ ದುಡಿಯುವವರ ಗತಿಯೇನು?

ನಮ್ಮ ಕರಾವಳಿಯ ಮನೆಮನೆಗಳಲ್ಲಿ ಬೀಡಿ ಕಟ್ಟುವ ಕೆಲಸವನ್ನು ನೋಡಿದವರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ನನ್ನ ತಾಯಿಯವರೂ ಬೀಡಿ ಕಟ್ಟುವವರೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಎಲೆಯನ್ನು ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ನೂಲು ಕಟ್ಟಿ, ಬ್ರಾಂಚಿಗೆ ಒಯ್ದುಕೊಟ್ಟರೆ ಸಾವಿರಕ್ಕೆ ಇಷ್ಟೆಂದು ಮಜೂರಿ. ಅಡುಗೆಯಾದ ಮೇಲೆ ಗೆರಸೆ ಹಿಡಿದು ಕುಳಿತರೆ, ಊಟಕ್ಕೆ ಎದ್ದು, ಮತ್ತೆ ಕುಳಿತು, ದೀಪ ಆರುವತನಕ ಕೈ ನಿಲ್ಲುವುದಿಲ್ಲ. ಇದು ಎಷ್ಟು ಗಂಟೆಯ ದುಡಿಮೆ ಎಂದು ಕೇಳಿದರೆ ಅವರು ನಗುತ್ತಾರೆ. ಇಂದು ಎಷ್ಟು ಕಟ್ಟಿದೆ ಎಂದಲ್ಲದೆ ಎಷ್ಟು ಹೊತ್ತು ಕಟ್ಟಿದೆ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಸರಿಯಿಲ್ಲವೆಂದು ಬ್ರಾಂಚಿನಲ್ಲಿ ತೆಗೆದುಹಾಕಿದ ಬೀಡಿಗೆ ಹೊತ್ತೂ ಇಲ್ಲ, ಮಜೂರಿಯೂ ಇಲ್ಲ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಅದರ ಗಂಟೆಯ ಮಿತಿ ಕೈಗಾರಿಕಾ ಆವರಣದೊಳಗೆ ಕುಳಿತವರಿಗೆ ಸಂಬಂಧಿಸಿದುದು. ಮನೆಯ ಜಗಲಿಗೆ ಅದು ಬರಲಿಲ್ಲ. ಮನೆಯಲ್ಲಿ ಕಟ್ಟುವವರು ತಮ್ಮ ನೌಕರರೇ ಅಲ್ಲ, ಅವರಿಗೆ ಭವಿಷ್ಯನಿಧಿ ಸಲ್ಲದು ಎಂದು ಬೀಡಿ ಮಾಲೀಕರು ಸುಪ್ರೀಂ ಕೋರ್ಟಿನವರೆಗೂ ವಾದಿಸಿದರು. 1985ರಲ್ಲಿ ಆ ನ್ಯಾಯಾಲಯ ಅವರ ವಾದವನ್ನು ತಳ್ಳಿಹಾಕಿತು. ಅದಕ್ಕೆ ಕೊಟ್ಟ ಕಾರಣವೊಂದು ಮನನ ಮಾಡತಕ್ಕದ್ದು: ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಿರಸ್ಕರಿಸುವ ಅಧಿಕಾರ ಮಾಲೀಕನಿಗಿದೆಯಾದರೆ, ದುಡಿಮೆಯ ಮೇಲೆ ಅವನ ಹತೋಟಿಯೂ ಇದೆ ಎಂದೇ ಅರ್ಥ. ತಿರಸ್ಕಾರಕ್ಕೆ ಬಿದ್ದ ಬೀಡಿಯೇ ಹಕ್ಕಿಗೆ ಸಾಕ್ಷಿಯಾಯಿತು.

ಇಂಥ ದುಡಿಮೆಗಾರರೂ ಸಂಘ ಕಟ್ಟಬಲ್ಲರೆಂಬುದಕ್ಕೆ ಅಹಮದಾಬಾದಿನ 'ಸೇವಾ' ಸಂಸ್ಥೆ ನಿದರ್ಶನ. ಎಲಾ ಭಟ್ ಅವರು 1972ರಲ್ಲಿ ಸ್ವಂತ ದುಡಿಮೆಯ ಹೆಂಗಸರ ಈ ಸಂಘವನ್ನು ನೋಂದಾಯಿಸಲು ಹೋದಾಗ, ಮಾಲೀಕನೇ ಇಲ್ಲದ ಮೇಲೆ ಕಾರ್ಮಿಕ ಸಂಘವೆಂತಹುದು ಎಂಬ ಆಕ್ಷೇಪಣೆ ಬಂದಿತು. ಸಂಘವಿರುವುದು ಮಾಲೀಕನ ವಿರುದ್ಧವಾಗಿ ಅಲ್ಲ, ದುಡಿಯುವವರ ಒಗ್ಗಟ್ಟಿಗಾಗಿ ಎಂದು ಅವರು ವಾದಿಸಿ ಗೆದ್ದರು. ಮನೆಯಲ್ಲಿ ಕುಳಿತು ಬೇರೆಯವರಿಗಾಗಿ ದುಡಿಯುವವರನ್ನೂ ಇತರ ಕೂಲಿಗಾರರಂತೆಯೇ ಕಾಣಬೇಕೆಂಬ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಅಂಗೀಕರಿಸಿದುದರ ಹಿಂದೆ ಈ ಸಂಘದ ಪ್ರಯತ್ನವೂ ಇತ್ತು. 2011ರಲ್ಲಿ ಮನೆಗೆಲಸದವರಿಗಾಗಿ ಇನ್ನೊಂದು ಒಡಂಬಡಿಕೆಯಾಯಿತು. ಇವೆರಡನ್ನೂ ಭಾರತ ಸ್ಥಿರೀಕರಿಸಿಲ್ಲ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಕುರಿತ 1948ರ ಒಡಂಬಡಿಕೆಗೂ, ಸಾಮೂಹಿಕ ಮಾತುಕತೆಯ ಹಕ್ಕನ್ನು ಕುರಿತ 1949ರ ಒಡಂಬಡಿಕೆಗೂ ಇದೇ ಗತಿ.

ಮತ್ತೆ ಹನ್ನೆರಡು ಗಂಟೆಯ ಮಾತು

ಮೆಟ್ಟಿಲು ಇಳಿದದ್ದು ಮತ್ತೆ ಏರಲೂಬಹುದೆಂಬುದನ್ನು ಈಚಿನ ವರ್ಷಗಳು ತೋರಿಸಿವೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಗುಜರಾತ್ ಸರ್ಕಾರ ಕಾರ್ಖಾನೆಗಳಿಗೆ ಹನ್ನೆರಡು ಗಂಟೆಯ ದುಡಿಮೆಗೆ ಅನುಮತಿ ಕೊಟ್ಟು, ಮೇಲಿನ ದುಡಿಮೆಗೆ ಎರಡರಷ್ಟು ಕೂಲಿ ಬೇಡವೆಂದಿತು. ಕಾರ್ಮಿಕ ಸಂಘವೊಂದು ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಟೋಬರ್ 1ರಂದು ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. 2023ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ವಿಧಾನಮಂಡಲ, ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ ದಿನಕ್ಕೆ ಹನ್ನೆರಡು ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಅದೇ ಬಗೆಯ ತಿದ್ದುಪಡಿಯನ್ನು ಅದೇ ಏಪ್ರಿಲಿನಲ್ಲಿ ಮಾಡಿದ ತಮಿಳುನಾಡು, ಸಂಘಗಳ ವಿರೋಧದಿಂದಾಗಿ ಮೇ ದಿನದಂದೇ ಅದನ್ನು ಹಿಂತೆಗೆದುಕೊಳ್ಳುವುದಾಗಿ ಸಾರಿತು. 1926, 1948, 1966ರ ಕಾನೂನುಗಳ ಸ್ಥಾನಕ್ಕೆ ಸಂಸತ್ತು 2019 ಮತ್ತು 2020ರಲ್ಲಿ ಮಾಡಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿಯೂ ಎಂಟು ಗಂಟೆಯ ತತ್ತ್ವ ಉಳಿದಿದೆ.

ಹನ್ನೆರಡು ಗಂಟೆಯ ಪರವಾಗಿ ಹೇಳುವವರ ಮಾತನ್ನೂ ನಾವು ಕೇಳಬೇಕು. ವಾರದ ಲೆಕ್ಕ ಬದಲಾಗದಿರುವಾಗ ನಾಲ್ಕು ದಿನ ಹೆಚ್ಚು ದುಡಿದು ಮೂರು ದಿನ ಬಿಡುವು ಪಡೆಯಬಹುದಲ್ಲ. ಉದ್ಯಮ ಬಂದರೆ ಕೆಲಸವೂ ಬರುವುದಲ್ಲ ಎಂಬುದು ಅವರ ವಾದ. ಇದರಲ್ಲಿ ಹುರುಳಿಲ್ಲವೆಂದು ತಳ್ಳಿಹಾಕಲಾಗದು. ಕೆಲಸಕ್ಕಾಗಿ ಕಾಯುತ್ತಿರುವ ನಮ್ಮಂಥವರಿಗೆ ಉದ್ಯಮ ಬರುವುದು ಬೇಡವೆ? ಆದರೆ ಹನ್ನೊಂದನೆಯ ಗಂಟೆಯಲ್ಲಿ ಯಂತ್ರದ ಮುಂದಿರುವ ಕೈಗೆ ವಾರದ ಲೆಕ್ಕ ಗೊತ್ತಿಲ್ಲ. ದಣಿವಿನ ಲೆಕ್ಕವಷ್ಟೇ ಗೊತ್ತು. ಮನೆಯಲ್ಲಿ ಅಡುಗೆ, ಮಕ್ಕಳು, ನೀರು ಎಂದು ಎರಡನೆಯ ಪಾಳಿಯಿರುವ ಹೆಣ್ಣುಮಕ್ಕಳಿಗೆ ಹನ್ನೆರಡು ಎಂಬುದು ಹದಿನೆಂಟಾಗುತ್ತದೆ. ನಾಲ್ಕು ದಿನದ ಮೇಲೆ ಐದನೆಯ ದಿನವೂ ಬಾ ಎಂದರೆ ಒಲ್ಲೆನೆನ್ನುವ ಧೈರ್ಯ ಸಂಘವಿಲ್ಲದ ಒಂಟಿ ಕೂಲಿಗಾರನಿಗೆ ಇದೆಯೆ? 1850ರ ಇಂಗ್ಲೆಂಡಿನ ಅನುಭವ ಇದೇ ಅಲ್ಲವೆ? ಗಂಟೆಗಳನ್ನು ಮನಬಂದಂತೆ ಹರಡಲು ಬಿಟ್ಟರೆ ಎಣಿಸುವುದು ಕಷ್ಟ; ಎಣಿಸಲಾಗದ ಮಿತಿ ಮಿತಿಯೇ ಅಲ್ಲ.

ಉಪಸಂಹಾರ

ಇದುವರೆಗೆ ನೋಡಿದ ಚರಿತ್ರೆಯನ್ನು ಒಟ್ಟುಗೂಡಿಸಿದರೆ ಮೊದಲು ಹೇಳಿದ ಮೂರು ಆಧಾರಗಳ ಮಾತು ದೃಢವಾಗುತ್ತದೆ. 1802ರಲ್ಲಿ ಕಾನೂನಿತ್ತು, ನೋಡುವ ಕಣ್ಣಿರಲಿಲ್ಲ. ಟಾಲ್‌ಪಡಲ್ಲಿನಲ್ಲಿ ಸಂಘವಿತ್ತು, ರಕ್ಷಿಸುವ ಕಾನೂನಿರಲಿಲ್ಲ. ನಮ್ಮ ಜಗಲಿಗಳಲ್ಲಿ ದುಡಿಮೆಯಿದೆ. ಗಡಿಯಾರವಿಲ್ಲ, ಬಂದು ನೋಡುವವರಿಲ್ಲ. ಮೂರೂ ಸೇರಿದಲ್ಲಿ ಮಾತ್ರ ಎಂಟು ಗಂಟೆ ನಿಜವಾಗಿ ಎಂಟು ಗಂಟೆಯಾಗಿದೆ.

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದೇವೆ. ಕೈ ಎಷ್ಟು ಹೊತ್ತು ಕೆಸರಿನಲ್ಲಿರಬೇಕೆಂಬುದನ್ನು ಗಾದೆ ಹೇಳಲಿಲ್ಲ. ಅದನ್ನು ಹೇಳಿದವರು ಮೆಲ್ಬರ್ನಿನ ಕಲ್ಲುಕುಟಿಗರು, ಮುಂಬಯಿಯ ಲೋಖಂಡೆ, ಮದ್ರಾಸಿನ ಗಿರಣಿಯವರು. ದುಡಿಮೆ ಮುಗಿದ ಮೇಲೆ ಮನುಷ್ಯನಿಗೆ ಓದಲು, ಹಾಡಲು, ಮಕ್ಕಳೊಡನೆ ಕೂರಲು, ಸುಮ್ಮನಿರಲು ಸಹ ಒಂದಿಷ್ಟು ಹೊತ್ತು ಉಳಿಯಬೇಕೆಂಬುದೇ ಅವರೆಲ್ಲರ ಬೇಡಿಕೆಯ ಒಳತಿರುಳು.

ಇನ್ನು ಕೆಲವೇ ದಿನಗಳಲ್ಲಿ ನಾವು ಪದವೀಧರರೆನಿಸಿಕೊಂಡು ಹೊರಬೀಳುತ್ತೇವೆ. ನಮ್ಮಲ್ಲಿ ಕೆಲವರು ಗುಮಾಸ್ತರಾಗಬಹುದು, ಕೆಲವರು ಅಧ್ಯಾಪಕರು, ಕೆಲವರು ಉಡುಪಿನ ಕಾರ್ಖಾನೆಗಳ ಮೇಲ್ವಿಚಾರಕರು. ಯಾರಾದರೊಬ್ಬರು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರೂ ಆದಾರು. ಹಾಜರಿ ಪುಸ್ತಕದಲ್ಲಿ ಇನ್ನೊಬ್ಬರ ಗಂಟೆಗಳನ್ನು ಬರೆಯುವ ಕೆಲಸ ನಮ್ಮ ಕೈಗೆ ಬಂದಾಗ, ಬರೆದ ಅಂಕಿ ದುಡಿದ ಹೊತ್ತಿಗೆ ಸರಿಯಾಗಿದೆಯೆ ಎಂದು ಒಮ್ಮೆ ನಿಂತು ನೋಡೋಣ. ಪುಸ್ತಕದಲ್ಲಿ ಹೆಸರೇ ಇಲ್ಲದವರ ಗಂಟೆಗಳನ್ನು ಯಾರು ಎಣಿಸುತ್ತಾರೆಂದು ಕೇಳೋಣ. ನಾವು ಓದಿದ ಅರ್ಥಶಾಸ್ತ್ರಕ್ಕೆ ಅಷ್ಟರಮಟ್ಟಿಗಾದರೂ ಅರ್ಥ ಬರಲಿ.